ಟಗರಿನ ತಲೆ ನೋಡಿದ ಮಾಳಮ್ಮ ಡಾಕ್ಟರು

ಮಾಳಮ್ಮ ಡಾಕ್ಟರು ಯಾವ ಹಣ್ಣನ್ನೂ ಕೈಗೆ ಸಿಕ್ಕ ತಕ್ಷಣ ತಿಂದವರಲ್ಲ. ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು, ಬೆರಳಿನಿಂದ ತಟ್ಟುತ್ತಿದ್ದರು, ಆಮೇಲೆ ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಒಳಗ ಏನ್ ನಡದದ ಅಂತ ಗೊತ್ತಾಗಬೇಕಲ್ಲ" ಎನ್ನುತ್ತಿದ್ದರು. ಅವರ ಕೈಚೀಲದಲ್ಲಿ ಒಮ್ಮೆ ಬೇಲದ ಹಣ್ಣು, ಇನ್ನೊಮ್ಮೆ ಒಡೆಯದ ಹತ್ತಿಕಾಯಿ, ಮತ್ತೊಮ್ಮೆ ಗೀಜುಗದ ಗೂಡು.

ರಾಯಚೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವರು ಸ್ಕ್ಯಾನ್ ಚಿತ್ರಗಳನ್ನು ಓದಿ ವರದಿ ಬರೆಯುವ ವೈದ್ಯೆ. ನಾನು ಮಾನ್ವಿಯಿಂದ ದಿನಾ ಬಸ್ಸಿಗೆ ಬಂದು ಅಲ್ಲಿನ ಸಿ.ಟಿ. ಯಂತ್ರ ನಡೆಸುವವಳು. ಅವರದು ಗಬ್ಬೂರಿನ ಕುರಿಗಾರರ ಮನೆ. ಅಣ್ಣ ಬೀರಪ್ಪ ಇಂದಿಗೂ ಕುರಿ ಮೇಯಿಸುತ್ತಾನೆ. ಇಂಗ್ಲಿಷಿನಲ್ಲಿ ವರದಿ ಬರೆಸುತ್ತ ಕೂತ ಡಾಕ್ಟರಿಗೆ ಅಣ್ಣನ ಫೋನು ಬಂದರೆ, ಮರುಕ್ಷಣವೇ ಯಾವ ಕುರಿ ಈದಿದೆ, ಯಾವ ಮರಿ ಹಾಲು ಕುಡಿಯುತ್ತಿಲ್ಲ ಎಂಬ ವಿಚಾರಣೆ ಶುರುವಾಗುತ್ತಿತ್ತು.

ನಮ್ಮಲ್ಲಿ ಮೆದುಳಿನ ಚಿತ್ರಗಳಿಗೆಂದೇ ಒಂದು ಸಾಫ್ಟ್‌ವೇರ್ ಇತ್ತು. ಗಡ್ಡೆಯ ಒಳಗೊಂದು ಚುಕ್ಕೆ, ಹೊರಗೊಂದು ಚುಕ್ಕೆ ಇಟ್ಟರೆ ಸಾಕು, ಗಡ್ಡೆಯ ಅಂಚನ್ನು ತಾನೇ ಹುಡುಕಿ ಬಣ್ಣ ತುಂಬಿ ಬೇರೆ ಮಾಡಿ ತೋರಿಸುತ್ತಿತ್ತು. ಚುಕ್ಕೆ ಇಡದೆ ಬಿಟ್ಟರೂ ಮೆದುಳಿನ ಭಾಗಗಳನ್ನು ತನಗೆ ತಿಳಿದಂತೆ ಹೆಸರಿಸುತ್ತಿತ್ತು. ಇದನ್ನು ಮೆದುಳಿಗೆ ಮಾತ್ರ ಬಳಸಬೇಕು ಎಂಬುದು ಮಾಳಮ್ಮ ಡಾಕ್ಟರಿಗೆ ಒಪ್ಪಿಗೆಯಿರಲಿಲ್ಲ.

"ಅದಕ್ಕ ಮೆದುಳು ಅಂದ್ರ ಏನಂತ ಗೊತ್ತಿಲ್ಲ, ಶರಣಮ್ಮ" ಎಂದು ನನಗೆ ಹೇಳಿದ್ದರು. "ಒಂದು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಚಾಲೂ ಆತು, ಅಷ್ಟ ನೋಡ್ತದ. ನಾವೇ ಅದಕ್ಕ ತಲಿ ಬಿಟ್ಟು ಬ್ಯಾರೆ ಏನೂ ತೋರ್ಸಿಲ್ಲ."

ಒಂದು ರವಿವಾರ ಯಂತ್ರದ ತಪಾಸಣೆ ಮುಗಿದ ಮೇಲೆ ಅವರು ಚೀಲದಿಂದ ದಾಳಿಂಬೆ ತೆಗೆದು ರೋಗಿಯ ತಲೆ ಇಡುವ ಜಾಗದಲ್ಲಿ ಇಟ್ಟರು. ಸ್ಕ್ಯಾನ್ ಮಾಡಿ ಚಿತ್ರಗಳನ್ನು ಸಾಫ್ಟ್‌ವೇರಿಗೆ ಒಪ್ಪಿಸಿದೆವು. ಅದು ಬಹಳ ಗಂಭೀರವಾಗಿ ಯೋಚಿಸಿ, ಈ ವ್ಯಕ್ತಿಯ ಮೆದುಳಿನ ಎಡಭಾಗ ಬಲಭಾಗಕ್ಕಿಂತ ಕುಗ್ಗಿದೆ ಎಂದು ವರದಿ ಕೊಟ್ಟಿತು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ತಾವೇ ಕೂತು ಒಂದೊಂದೇ ಚುಕ್ಕೆ ಇಟ್ಟರು. ಸಿಪ್ಪೆ ಒಂದು ಬಣ್ಣ, ಬಿಳಿ ಪೊರೆ ಇನ್ನೊಂದು ಬಣ್ಣ, ಕಾಳುಗಳೆಲ್ಲ ಬಿಡಿಬಿಡಿಯಾಗಿ ಪರದೆಯ ಮೇಲೆ ತೇಲಿದವು. ಅಷ್ಟು ಚೆಂದದ ಚಿತ್ರವನ್ನು ಆ ಯಂತ್ರದಲ್ಲಿ ನಾನು ಅಲ್ಲಿಯತನಕ ಕಂಡಿರಲಿಲ್ಲ. ನೋಡಿ ಮುಗಿದ ಮೇಲೆ ಹಣ್ಣನ್ನು ಒಡೆದು ಅರ್ಧ ನನ್ನ ಕೈಗಿಟ್ಟು, "ಪೇಶಂಟ್ ತೀರ್ಕೊಂಡ್ರು" ಎಂದರು.

ಇದೆಲ್ಲ ಆಟವೆಂದೇ ನಾನು ತಿಳಿದಿದ್ದೆ. ಟಗರು ಬರುವತನಕ.

ಅವರ ತಾಯಿ ಹನುಮವ್ವನ ಬಳಿ ಕೆಂಗುರಿ ತಳಿಯ ಒಂದು ಟಗರಿತ್ತು. ಈದ ದಿನವೇ ತಾಯಿ ಸತ್ತ ಆ ಮರಿಗೆ ಹನುಮವ್ವ ಬಾಟಲಿಯಲ್ಲಿ ಹಾಲು ಕುಡಿಸಿ, ಕಂಬಳಿಯಲ್ಲಿ ಪಕ್ಕಕ್ಕೆ ಮಲಗಿಸಿಕೊಂಡು ಬೆಳೆಸಿದ್ದಳು. ಅದು ಇದ್ದಕ್ಕಿದ್ದಂತೆ ತಲೆ ವಾಲಿಸಿಕೊಂಡು ಒಂದೇ ಕಡೆಗೆ ಸುತ್ತತೊಡಗಿತು. ಮೇವು ಬಿಟ್ಟಿತು. ಕುರಿಗಾರರಿಗೆ ಇದು ಗೊತ್ತಿಲ್ಲದ ಬೇನೆಯಲ್ಲ. ತಲೆಯೊಳಗೆ ನೀರುಗುಳ್ಳೆ ಬೆಳೆಯುತ್ತದೆ, ಕುರಿ ಸುತ್ತಿ ಸುತ್ತಿ ಸಾಯುತ್ತದೆ. ಕೊಯ್ದುಬಿಡೋಣ ಎಂದ ಬೀರಪ್ಪ. ಹನುಮವ್ವ ಟಗರಿನ ಕೊರಳಿಗೆ ಕೈಹಾಕಿ ಕೂತವಳು ಮೇಲೇಳಲಿಲ್ಲ. ದೇವದುರ್ಗದ ಪಶುವೈದ್ಯರು ಬಂದು ತಲೆಯನ್ನೆಲ್ಲ ಒತ್ತಿ ನೋಡಿದರು. ಬುರುಡೆ ಎಲ್ಲೂ ಮೆತ್ತಗಾಗಿಲ್ಲ, ಗುಳ್ಳೆ ಎಲ್ಲಿದೆಯೆಂದು ತಿಳಿಯದೆ ರಂಧ್ರ ಕೊರೆಯುವುದು ಹೇಗೆ ಎಂದರು.

ಮಾಳಮ್ಮ ಡಾಕ್ಟರು ಸೀದಾ ಸೆಂಟರಿನ ಮಾಲೀಕರ ಮುಂದೆ ಹೋಗಿ ನಿಂತರು. ಇಷ್ಟು ವರ್ಷ ಕರೆದಾಗಲೆಲ್ಲ ರವಿವಾರ ಬಂದಿದ್ದೇನೆ, ಈ ರವಿವಾರವೊಂದನ್ನು ನನಗೆ ಬಿಡಿ, ಆಮೇಲೆ ಕೋಣೆ ನಾನೇ ತೊಳೆಯುತ್ತೇನೆ ಎಂದರು. ಯಾರಿಗೂ ಗೊತ್ತಾಗಬಾರದು ಎಂಬ ಷರತ್ತಿನ ಮೇಲೆ ಮಾಲೀಕರು ಒಪ್ಪಿದರು. ಟಂಟಂ ಗಾಡಿಯಲ್ಲಿ ಕಂಬಳಿ ಹೊದ್ದ ಟಗರು ಬಂದಿಳಿಯುವಷ್ಟರಲ್ಲಿ ಬೀದಿಯ ಚಹಾ ಅಂಗಡಿಯವರೆಲ್ಲ ಗೇಟಿನಲ್ಲಿದ್ದರು.

ಪಶುವೈದ್ಯರು ಮಂಪರು ಬರಿಸಿದರು. ಪ್ಲಾಸ್ಟಿಕ್ ಹಾಳೆ ಹಾಸಿ, ಟಗರನ್ನು ಮಲಗಿಸಿ, ಸ್ಕ್ಯಾನ್ ಮಾಡಿದೆ. ಸಾಫ್ಟ್‌ವೇರಿಗೆ ದಿಕ್ಕೇ ತಪ್ಪಿತು. ಕೊಂಬನ್ನೂ ಬುರುಡೆ ಎಂದುಕೊಂಡು, ಮೂತಿಯ ಹತ್ತಿರ ಮೆದುಳು ಹುಡುಕುತ್ತಿತ್ತು. ಡಾಕ್ಟರು ತುಟಿ ಕಚ್ಚಿಕೊಂಡು ಮೊದಲಿಂದ ಶುರು ಮಾಡಿದರು. ಮೊದಲು ಚಿತ್ರದಲ್ಲಿ ಕೊಂಬುಗಳನ್ನು ಅಳಿಸಿದರು. ಹಿಂದೆ ನಿಂತಿದ್ದ ಹನುಮವ್ವ ಗಾಬರಿಯಾದಳು.

"ಯವ್ವಾ ಮಾಳಿ, ಕೊಂಬ್ಯಾಕ ತಗಿಯಾಕತ್ತಿ?"

"ಇಲ್ಲಿ ಅಷ್ಟ ಬೇ. ಅದರ ತಲಿಮ್ಯಾಲೆ ಹಂಗೇ ಅದಾವ, ಹೋಗಿ ಮುಟ್ಟಿ ನೋಡು."

ಹನುಮವ್ವ ನಿಜವಾಗಿಯೂ ಹೋಗಿ ಮುಟ್ಟಿ ನೋಡಿ ಬಂದಳು.

ಡಾಕ್ಟರು ಕಪ್ಪಗೆ ಕಂಡ ಜಾಗದಲ್ಲಿ ಒಂದು ಚುಕ್ಕೆ ಇಟ್ಟರು, ಅದರಾಚೆ ಒಂದು. ಗೆರೆ ಮೆಲ್ಲಗೆ ಹರಿದು, ಸುತ್ತಿ ಬಂದು ಕೂಡಿಕೊಂಡಿತು. ಬಲಗೊಂಬಿನ ಬುಡದ ಹಿಂದೆ, ನಿಂಬೆಹಣ್ಣಿನಂಥ ಒಂದು ಗುಳ್ಳೆ ನೀಲಿಯಾಗಿ ಎದ್ದು ನಿಂತಿತು. ಪಶುವೈದ್ಯರು ಅಳತೆ ಬರೆದುಕೊಂಡು, ಟಗರಿನ ತಲೆಯ ಮೇಲೆ ಅಲ್ಲೇ ಗುರುತು ಹಾಕಿದರು. ನಾವಿಬ್ಬರೂ ಸೀರೆ ಎತ್ತಿಕಟ್ಟಿ ಕೋಣೆ ತೊಳೆದೆವು. ಕುರಿಯ ವಾಸನೆ ಮಾತ್ರ ಆ ವಾರವಿಡೀ ಹೋಗಲಿಲ್ಲ.

ಮರುದಿನ ದೇವದುರ್ಗದಲ್ಲಿ ಆಪರೇಷನ್ ಆಯಿತು. ಆಮೇಲೆ ಸುದ್ದಿಯಿಲ್ಲ. ಡಾಕ್ಟರು ವರದಿ ಬರೆಯುವಾಗ ಫೋನನ್ನು ಮೇಜಿನ ಮೇಲೆಯೇ ಇಟ್ಟುಕೊಳ್ಳುತ್ತಿದ್ದರು. ಕೊನೆಗೊಂದು ಮುಂಜಾನೆ ಹನುಮವ್ವನ ಫೋನು ಬಂತು. ಕೇಳಿಸಿಕೊಂಡ ಡಾಕ್ಟರು ನನ್ನ ಕಡೆ ತಿರುಗಿ, "ನೆಟ್ಟಗ ನಡೀತಂತ" ಎಂದರು. ಅಷ್ಟೇ ಹೇಳಿ ಕೈಗಳಲ್ಲಿ ಮುಖ ಮುಚ್ಚಿಕೊಂಡರು.

ಆ ತಿಂಗಳು ನನ್ನನ್ನೂ ಗಬ್ಬೂರಿಗೆ ಕರೆದೊಯ್ದರು. ಹೊಲದ ಬದುವಿನಲ್ಲಿ ಬಗ್ಗಿ ಏನೋ ಕಾಯಿ ಆರಿಸುತ್ತಿದ್ದ ಡಾಕ್ಟರಿಗೆ ಟಗರು ಹಿಂದಿನಿಂದ ಓಡಿಬಂದು ಗುದ್ದಿತು. ಅವರು ಜೋಳದ ಸೊಪ್ಪೆಯ ರಾಶಿಯೊಳಗೆ ಮುಖ ಅಡಿಯಾಗಿ ಬಿದ್ದರು. ಎತ್ತಲು ಹೋದರೆ ನಗುವಿನಿಂದ ಏಳಲೇ ಆಗುತ್ತಿಲ್ಲ. "ಗುರಿ ನೋಡಿ ಹೊಡದದ ಶರಣಮ್ಮ, ಕಣ್ಣು ಛಲೋ ಅದಾವ" ಎಂದರು.

ಸುದ್ದಿ ದೇವದುರ್ಗದ ಕಡೆಯ ಜಾಲಹಳ್ಳಿತನಕ ಹಬ್ಬಿ, ಜನ ಕುರಿ, ಮೇಕೆ ಹೊತ್ತು ಬಂದರು, ಒಬ್ಬರಂತೂ ಒಂದು ಹುಂಜವನ್ನೂ ತಂದರು. ಮಾಲೀಕರು ಬಾಗಿಲಿಗೆ 'ಮನುಷ್ಯರಿಗೆ ಮಾತ್ರ' ಎಂದು ಬೋರ್ಡು ಹಾಕಿಸಿದರು. ಹೋದ ವರ್ಷ ಧಾರವಾಡದ ಕಡೆ, ಪ್ರಾಣಿಗಳ ಸ್ಕ್ಯಾನ್ ಚಿತ್ರಗಳ ಮೇಲೆಯೇ ಕೆಲಸ ಮಾಡುವ ಅವಕಾಶ ಸಿಕ್ಕಿ ಡಾಕ್ಟರು ಹೊರಟಾಗ, ಕೊನೆಯ ದಿನ ಆ ಬೋರ್ಡಿನ ಪಕ್ಕ ಕೈಕಟ್ಟಿ ನಿಂತು ಫೋಟೊ ತೆಗೆಸಿಕೊಂಡರು.

ಮೊನ್ನೆ ಗುಂಜಹಳ್ಳಿಯ ಒಬ್ಬ ಅಜ್ಜ ಬಂದು, ಕುರಿ ನೋಡುವ ಡಾಕ್ಟ್ರಮ್ಮ ಎಲ್ಲಿ ಎಂದು ಕೇಳಿದ. ಇಲ್ಲ ಎನ್ನಲು ಮನಸ್ಸಾಗದೆ ಡಾಕ್ಟರಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಬಹಳ ಹೊತ್ತು ಮಾತಾಡಿ, ಸಮಾಧಾನದಿಂದ ಫೋನು ಮರಳಿಸಿ ಹೋದ. ಕಟ್ ಮಾಡಲು ನೋಡಿದರೆ ಡಾಕ್ಟರು ಇನ್ನೂ ಲೈನಿನಲ್ಲೇ ಇದ್ದರು.

"ಶರಣಮ್ಮ, ಯಂತ್ರದಾಗ ಈಗೀಗ ಏನೇನ್ ನೋಡಿದಿ, ಹೇಳು" ಎಂದರು.

ಹೊರಗೆ ರೋಗಿಗಳು ಕಾಯುತ್ತಿದ್ದರು. ಒಂದು ನಿಮಿಷ ಎಂದು ಅವರಿಗೆ ಕೈಸನ್ನೆ ಮಾಡಿ, ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದೆ.