ಗೇಟ್ ಹಾಕಿದ್ದ ಭಾನುವಾರ

ಹಳಿಯ ಕೆಳಗಿನ ಮರದ ಸ್ಲೀಪರು ಬಿಸಿಲಿಗೆ ಕಾದರೆ ಡಾಂಬರು ಬೆವರುತ್ತದೆ. ಆ ವಾಸನೆ ಎಲ್ಲೇ ಬರಲಿ, ನಾನು ಕ್ರೋಂಪೇಟೆಯ ರೈಲ್ವೆ ಗೇಟಿನ ಪಕ್ಕದ ನಮ್ಮ ಕ್ವಾರ್ಟರ್ಸಿನಲ್ಲಿರುತ್ತೇನೆ. ಒಂದು ಕೋಣೆ, ಹಿಂದೆ ಅಡುಗೆಮನೆ, ಮುಂದೆ ಹಳಿ. ಗಾಳಿ ತಿರುಗಿದರೆ ಚರ್ಮ ಹದ ಮಾಡುವ ಕಾರ್ಖಾನೆಗಳ ನಾತವೂ ಬಂದು ಸೇರಿಕೊಳ್ಳುತ್ತಿತ್ತು. ನೆಂಟರು ಬಂದರೆ ಮೂಗು ಮುಚ್ಚುತ್ತಿದ್ದರು. ನಮಗೆ ಅದು ಮನೆಯ ವಾಸನೆ. ಆ ಮನೆ ಈಗ ಇಲ್ಲ. ಗೇಟೂ ಇಲ್ಲ. ಬೆಳೆದ ಮನೆ ನೆಲಸಮ ಆದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಅಪ್ಪ ಗೇಟ್‌ಮ್ಯಾನ್. ಮಂಡ್ಯ ಕಡೆಯಿಂದ ಈ ತಮಿಳು ಊರಿಗೆ ಬಂದವನು. ಸ್ಟೇಷನ್ನಿನಿಂದ ಫೋನ್ ಬಂದರೆ ಗೇಟ್ ಹಾಕುವುದು, ಹಸಿರು ಬಾವುಟ ಹಿಡಿದು ಬರುವ ಗಾಡಿಗೆ ಮುಖ ಕೊಟ್ಟು ನಿಲ್ಲುವುದು, ಹೋದ ಮೇಲೆ ತೆಗೆಯುವುದು. ಆಗಿನ್ನೂ ಮೀಟರ್ ಗೇಜಿನ ಚಿಕ್ಕ ಗಾಡಿಗಳು ಬೀಚ್ ಸ್ಟೇಷನ್ನಿಗೂ ತಾಂಬರಂಗೂ ಓಡಾಡುತ್ತಿದ್ದವು. ಟಿಕೆಟ್ಟು ದಪ್ಪ ರಟ್ಟಿನದು. ಮಿಷನ್ನಿಗೆ ತೂರಿಸಿದರೆ ಟಕ್ ಅಂತ ತಾರೀಖು ಬೀಳುತ್ತಿತ್ತು. ನನ್ನ ಅಕ್ಕ ಜಯಾ ಟಿಕೆಟ್ ಬೇಕಿಲ್ಲದಿದ್ದರೂ ಹೋಗಿ ಆ ಕಿಂಡಿಯ ಮುಂದೆ ನಿಂತು ನೋಡುತ್ತಿದ್ದಳು. ಒಳಗೆ ಫ್ಯಾನಿನ ಕೆಳಗೆ ಕೂತು ಟಿಕೆಟ್ ಕೊಡುವ ಹೆಂಗಸಿನ ಕುರ್ಚಿ ಅವಳಿಗೆ ಬೇಕಾಗಿತ್ತು. ನಾನು ಸ್ಕೂಲು ಬಿಟ್ಟು ಅಲೆಯುತ್ತಿದ್ದೆ. ಅವಳು ಹನ್ನೆರಡನೇ ಕ್ಲಾಸು ಪಾಸಾಗಿ, ರೈಲ್ವೆ ಕ್ಲಾರ್ಕ್ ಪರೀಕ್ಷೆಗೆ ಅರ್ಜಿ ಹಾಕಿ, ಒಂದು ವರ್ಷ ಓದಿದಳು.

ನಮ್ಮ ಮನೆಯಲ್ಲಿ ಗಡಿಯಾರ ಇತ್ತು, ಓಡುತ್ತಿರಲಿಲ್ಲ. ಸೆಲ್ ತರೋಣ ಅಂದರೆ ಅವ್ವ ನಗುತ್ತಿದ್ದಳು. "ಅದ್ಯಾಕ್ಲಾ? ಹಳಿ ಮ್ಯಾಲೆ ಅಷ್ಟುದ್ದದ ಗಡ್ಯಾರ ಓಡಾಡ್ತಾ ಇಲ್ವಾ?" ಅವ್ವನಿಗೆ ಪ್ರತಿ ಗಾಡಿಯ ಸದ್ದು ಗೊತ್ತು. ಹಾಲಿನ ಹೊತ್ತಿಗೆ ಒಂದು, ಅನ್ನ ಇಳಿಸುವುದಕ್ಕೆ ಒಂದು. ಬೆಳಗ್ಗೆ ಎಂಟೂವರೆಗೆ ಒಂದು ಖಾಲಿ ಗಾಡಿ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುತ್ತಿತ್ತು. ಅದು ಹೋದರೆ ಹೊರಗೆ ಹೋಗುವವರು ಚಪ್ಪಲಿ ಹಾಕಬೇಕು. ಅವ್ವನ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಅಪ್ಪನದೂ ಒಂದು ನಿಯಮ ಇತ್ತು. ಗೇಟ್ ಹಾಕಿದಾಗ ಊರೇ ಕಂಬಿಯ ಕೆಳಗೆ ಬಗ್ಗಿ ದಾಟುತ್ತಿತ್ತು. ನಾವು ದಾಟುವಂತಿಲ್ಲ. ಹಾಗೆ ದಾಟಿದ ಒಬ್ಬ ಮುದುಕನ ಮೇಲೆ ಅಪ್ಪನೇ ಗೋಣಿ ಹೊದಿಸಿದ್ದ. "ನನ್ನ ಮಕ್ಕಳೇ ಬಗ್ಗಿದ್ರೆ ನಾನ್ ಯಾರ್‍ಗೆ ಬುದ್ಧಿ ಹೇಳ್ಲಿ?" ಅನ್ನುತ್ತಿದ್ದ. ಒಮ್ಮೆ ಬಗ್ಗಿದ್ದಕ್ಕೆ ಬಾವುಟದ ಕೋಲಿನಲ್ಲಿ ನನಗೆ ಬಿದ್ದಿತ್ತು.

ಪರೀಕ್ಷೆ ಭಾನುವಾರ ಹತ್ತು ಗಂಟೆಗೆ, ನುಂಗಂಬಾಕ್ಕಂನ ಒಂದು ಸ್ಕೂಲಿನಲ್ಲಿ. ಆಗ ದೊಡ್ಡ ಹಳಿ ಹಾಕುವ ಕೆಲಸ ನಡೆದಿತ್ತು. ಆ ದಿನದ ಗಾಡಿಗಳ ಹೊತ್ತು ಬದಲಾಗಿದೆ ಎಂದು ಸ್ಟೇಷನ್ನಿನ ಬೋರ್ಡಿನಲ್ಲಿ ಸುಣ್ಣದ ಕಡ್ಡಿಯಲ್ಲಿ ಬರೆದಿದ್ದರು. ಹಿಂದಿನ ದಿನವೆಲ್ಲ ಅಕ್ಕ ಮನೆಯಲ್ಲೇ ಓದುತ್ತಿದ್ದಳು, ನೋಡಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಮನೆಯಲ್ಲಿ ಹೇಳಬೇಕು ಎಂದು ಹೊಳೆಯಲಿಲ್ಲ. ಬೆಳಗಿನ ಜಾವವೇ ಡ್ಯೂಟಿಗೆ ಹೋದ.

ಅಕ್ಕ ತಲೆ ಬಾಚಿ ರೆಡಿಯಾಗಿ ಕೂತಿದ್ದಳು. "ಅವ್ವಾ, ಹೊರಡ್ಲಾ?" ಅಂದಳು.

"ಖಾಲಿ ಗಾಡಿನೇ ಹೋಗಿಲ್ಲ ಕಣವ್ವ. ಇನ್ನೊಂದು ಇಡ್ಲಿ ತಿನ್ನು. ಹಸ್ಕಂಡು ಏನ್ ಬರೀತೀಯೆ?"

ಅವಳು ಇನ್ನೊಂದು ಇಡ್ಲಿ ತಿಂದಳು. ಪುಸ್ತಕ ತಿರುವಿ ಹಾಕಿದಳು. ಖಾಲಿ ಗಾಡಿ ಬರಲಿಲ್ಲ. ಪಕ್ಕದ ಮನೆಯ ಸೆಲ್ವಿ ನೀರಿಗೆ ಬಂದವಳು ಬಾಗಿಲಲ್ಲಿ ನಿಂತು, "ಏಯ್ ಜಯಾ, ಇನ್ನುಂ ಕಿಳಂಬಲಯಾ? ಮಣಿ ಒಂಬದಾಚ್ಚು!" ಎಂದು ಕೂಗಿದಳು. ಇನ್ನೂ ಹೊರಟಿಲ್ಲವಾ ಅಂತ. ಗಂಟೆ ಒಂಬತ್ತಾಗಿತ್ತು. ಅಕ್ಕ ಓಡಿದಳು, ಹಿಂದೆ ನಾನು. ಅವ್ವ ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತಿದ್ದಳು.

ಗೇಟ್ ಹಾಕಿತ್ತು. ಸ್ಟೇಷನ್ನು ಆ ಕಡೆ. ಅವಳು ಹತ್ತಬೇಕಾದ ಗಾಡಿಗೇ ಹಾಕಿದ್ದು, ತಾಂಬರಂ ಕಡೆಯಿಂದ ಬರುವುದು. ಅದು ತಪ್ಪಿದರೆ ಮುಂದಿನದು ಹತ್ತಕ್ಕೆ. ಗಾಡಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಜನ ಬಗ್ಗಿ ದಾಟುತ್ತಿದ್ದರು. ಒಬ್ಬ ಸೈಕಲ್ಲನ್ನೂ ನುಗ್ಗಿಸಿಕೊಂಡು ಹೋದ. ಅಕ್ಕ ಕಂಬಿ ಹಿಡಿದು ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನು ನೋಡಿದ. ಆಮೇಲೆ ಮುಖ ತಿರುಗಿಸಿ, ಬಾವುಟ ಹಿಡಿದು, ನಮಗೆ ಬೆನ್ನು ಹಾಕಿ ನಿಂತ. ಅಕ್ಕ ಕಂಬಿ ಬಿಡಲಿಲ್ಲ. ಗಾಡಿ ಬಂತು, ನಿಂತಿತು, ಹೊರಟಿತು. ಗೇಟ್ ಎದ್ದಿತು. ಅವಳು ಹಾಲ್ ಟಿಕೆಟ್ ಮಡಚಿಕೊಂಡು ಮನೆಗೆ ಬಂದಳು.

ಯಾರೂ ಬೈಯಲಿಲ್ಲ, ಯಾರೂ ಅಳಲಿಲ್ಲ. ಇನ್ನೊಂದು ಸಲ ಅರ್ಜಿ ಹಾಕು ಎಂದು ಸೆಲ್ವಿ ಹೇಳಿದ್ದಕ್ಕೆ ಅಕ್ಕ "ಪೋದುಂ" ಅಂದಳು, ಸಾಕು ಅಂತ. ಸೆಲ್ವಿಯ ಜೊತೆಯೇ ಚರ್ಮದ ಗ್ಲೌಸ್ ಹೊಲಿಯುವ ಕೆಲಸಕ್ಕೆ ಸೇರಿದಳು. ದೊಡ್ಡ ಹಳಿ ಬಂತು. ಗೇಟ್ ಮುಚ್ಚಿದರು, ಕ್ವಾರ್ಟರ್ಸ್ ಒಡೆದರು. ಅವ್ವ ಹೋದಳು, ಎರಡು ವರ್ಷಕ್ಕೆ ಅಪ್ಪನೂ ಹೋದ.

ಅಪ್ಪನ ತಿಥಿಯ ದಿನ ಎಲೆ ತೆಗೆದ ಮೇಲೆ ಕೇಳಿಯೇಬಿಟ್ಟೆ. "ಅವತ್ತು ಬಗ್ಗಬಾರದಿತ್ತಾ ನೀನು? ಎರಡು ಏಟು ಬೀಳೋದು, ಅಷ್ಟೇ ತಾನೆ?"

ಅಕ್ಕ ನೆಲ ಒರೆಸುತ್ತಲೇ ಇದ್ದಳು. "ಅಪ್ಪಂಗೆ ಸಿಟ್ಟು ಬಂದಿದೆ, ಅದಕ್ಕೆ ಬೆನ್ನು ಹಾಕ್ದ ಅಂತ ಅವತ್ತು ಅನ್ಕೊಂಡೆ ಕಣೋ. ಗಾಡಿ ಬರ್ತಿದ್ದಿದ್ದು ತಾಂಬರಂ ಕಡೆಯಿಂದ. ಅಪ್ಪ ಗಾಡಿಗೂ ಬೆನ್ನು ಹಾಕಿ ನೋಡ್ತಾ ನಿಂತಿದ್ದು ಪಲ್ಲಾವರಂ ಕಡೆ. ಆ ಕಡೆ ಏನೂ ಇರ್ಲಿಲ್ಲ."