ಅರ್ಧ ಬೆರಳು ಒಳಗೆ

ಮಣ್ಣಿನಡಿಯ ಆ ಪುರಾತನ ಪಟ್ಟಣಕ್ಕೆ ಏಳು ಪದರಗಳಿವೆ. ನಮ್ಮ ಗಾರೆ ಮೇಸ್ತ್ರಿ ತಮಗೆ ಗೊತ್ತಿಲ್ಲದೆಯೇ ಎಂಟನೆಯದೊಂದನ್ನು ಸೇರಿಸಿದ್ದರು.

ಅಗೆದಾಗ ಹೊರಬಂದ ಗೋಡೆಗಳು ಕುಸಿಯದಂತೆ ಕಾಪಾಡುವುದು ಮೂವತ್ತು ವರ್ಷಗಳಿಂದ ಅವರ ಕೆಲಸ. ಅದಕ್ಕೊಂದು ನಿಯಮವಿದೆ: ಹೊಸದಾಗಿ ಕಟ್ಟಿದ ಭಾಗವು ಹಳೆಯದಕ್ಕಿಂತ ಅರ್ಧ ಬೆರಳು ಒಳಗಿರಬೇಕು, ತೇಪೆ ಯಾವುದೆಂದು ನೋಡಿದವರಿಗೆ ತಿಳಿಯಬೇಕು. ಮೇಸ್ತ್ರಿಗೆ ಈ ನಿಯಮ ಕಂಡರಾಗದು. "ತೇಪೆ ಕಾಣೋ ಹಾಗೆ ಕಟ್ಟೋಕೆ ನಾನ್ಯಾಕೆ ಬೇಕು?" ಎಂದು ಒಮ್ಮೆ ಚರಂಡಿ ಪಕ್ಕದ ಗೋಡೆಯೊಂದನ್ನು, ಬಿದ್ದ ಇಟ್ಟಿಗೆಗಳಿಂದಲೇ, ಹಳೆಯದರ ಸಮಕ್ಕೆ ಕಟ್ಟಿಬಿಟ್ಟರು. ಅದೇ ವರ್ಷ ಮಳೆಗೆ ಹೂಳು ತುಂಬಿ ಗೋಡೆ ಮುಚ್ಚಿಹೋಯಿತು.

ಇಪ್ಪತ್ತೆರಡು ವರ್ಷಗಳ ಬಳಿಕ ಹೊಸ ನಿರ್ದೇಶಕರು ಅದನ್ನು ಅಗೆದು, ಬೆರಗಾಗಿ, ಎರಡು ಸಾವಿರ ವರ್ಷದ್ದೆಂದು ಸಾರಿದರು. ರಿಪೇರಿಯ ದಾಖಲೆ ಕಚೇರಿಯ ಬೀರುವಿನಲ್ಲಿತ್ತು. ಕಚೇರಿಯನ್ನು ಯಾರೂ ಅಗೆಯುವುದಿಲ್ಲ. ಆ ಗೋಡೆಯು ಪಕ್ಕದ ಇಟ್ಟಿಗೆ ಹಾಸಿನ ನೆಲದಡಿಗೂ ಹಬ್ಬಿದೆಯೆಂದು ನಿರ್ದೇಶಕರು ತೀರ್ಮಾನಿಸಿ, ಆ ನೆಲವನ್ನು ಸೋಮವಾರ ಕೀಳಲು ಆದೇಶಿಸಿದರು. ನೆಲವಾದರೋ ನಿಜಕ್ಕೂ ಪ್ರಾಚೀನ.

ಮನೆಯಲ್ಲಿ ಹೆಂಡತಿ ಕೇಳಿದರು: "ಮುಖ ಯಾಕ್ರೀ ಹೀಗಿದೆ?"

"ನನ್ನ ಗೋಡೆಗೆ ಎರಡು ಸಾವಿರ ವರ್ಷ ಆಯ್ತಂತೆ."

"ನಮ್ಮ ಬಚ್ಚಲ ಗೋಡೆ ಬಿರುಕು ಬಿಟ್ಟು ಎರಡು ವರ್ಷ ಆಯ್ತು. ಹೋಗಿ ನಿಜ ಹೇಳಿ."

"ಹೇಳದಿದ್ರೆ ಸೋಮವಾರ ಪಕ್ಕದ ಹಳೇ ನೆಲ ಕೀಳ್ತಾರೆ, ಹೇಳಿದ್ರೆ ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ. ನಿಮ್ಮ ಜಂಭಕ್ಕೆ ಆ ನೆಲ ಏನು ಪಾಪ ಮಾಡಿತ್ತು?"

ಸೋಮವಾರ ಹಾರೆ ಎತ್ತುವ ಹೊತ್ತಿಗೆ ಮೇಸ್ತ್ರಿ ಅಡ್ಡ ನಿಂತರು. "ಸಾರ್, ಈ ಗೋಡೆ ನಾನು ಕಟ್ಟಿದ್ದು."

ನಿರ್ದೇಶಕರು ನಕ್ಕರು. "ಬಿಸಿಲು ನೆತ್ತಿಗೇರಿತೇನ್ರೀ ಮೇಸ್ತ್ರಿ? ಇಂಥ ಕೆಲಸ ಈಗಿನವರ ಕೈಲಾಗುತ್ತಾ?"

ಮೂವತ್ತು ವರ್ಷಗಳಲ್ಲಿ ಸಿಕ್ಕ ಮೊದಲ ಹೊಗಳಿಕೆ. ಅದನ್ನು ನುಂಗಿಕೊಂಡು, ಕೆಳಸಾಲಿನ ಇಟ್ಟಿಗೆಯೊಂದನ್ನು ಬಿಡಿಸಿ, ಅಂದು ಸಂದಿಗೆ ತಾವೇ ತುರುಕಿದ್ದ ಸೋಡಾ ಬಾಟಲಿಯ ಮುಚ್ಚಳವನ್ನು ನಿರ್ದೇಶಕರ ಅಂಗೈಯಲ್ಲಿಟ್ಟರು. ಪ್ರಾಚೀನರು ಸೋಡಾ ಕುಡಿಯುತ್ತಿದ್ದರೆಂದು ಪ್ರಬಂಧ ಬರೆಯುವಷ್ಟು ಧೈರ್ಯ ನಿರ್ದೇಶಕರಿಗೂ ಇರಲಿಲ್ಲ.

ನೆಲ ಉಳಿಯಿತು. ಕೆಲಸವೂ ಉಳಿಯಿತು, ಶಿಕ್ಷೆಯೊಂದಿಗೆ: ಗೋಡೆಯನ್ನು ಬಿಚ್ಚಿ ನಿಯಮದಂತೆ ಮತ್ತೆ ಕಟ್ಟಬೇಕು. ತಮ್ಮ ಅತ್ಯುತ್ತಮ ಕೆಲಸವನ್ನು ತಾವೇ ಕೆಡವಿ ಮೇಸ್ತ್ರಿ ಹತ್ತು ದಿನ ಕಟ್ಟಿದರು. ನಿರ್ದೇಶಕರು ಅಳತೆಪಟ್ಟಿ ಹಿಡಿದು ಬಂದರು.

"ಸರಿಯಾಗಿ ಅರ್ಧ ಬೆರಳು ಒಳಗಿದೆ ತಾನೇ?"

"ಅಳೆದು ನೋಡಿ ಸಾರ್. ತೇಪೆ ಅಂತ ಇನ್ಮೇಲೆ ಯಾರಿಗೆ ಬೇಕಾದ್ರೂ ಗೊತ್ತಾಗುತ್ತೆ," ಎಂದರು ಮೇಸ್ತ್ರಿ, ಕರಣೆ ಒರೆಸುತ್ತಾ. "ನಿಮಗೂ."