ಮೆಟ್ಟಿಲ ಕೆಳಗಿನ ಬಕೆಟ್ ನೀರು

ಹೊಸ ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ನೀವು ಮಾಡುವ ಕೆಲಸ ಏನೆಂದು ಕೇಳಿ ಎದುರಿಗಿದ್ದವರು ಮೂಗಿಗೆ ಸೆರಗು ಹಿಡಿದದ್ದು ನಿಮಗೆ ಯಾರಿಗಾದರೂ ಆಗಿದೆಯೇ? ನನಗೆ ಆಗಿದೆ. ಹೈದರಾಬಾದಿನ ಕೊಂಡಾಪುರದಲ್ಲಿ, ಹಾಡಹಗಲು, ಅದೂ ಕನ್ನಡ ಮಾತಾಡುವವರ ಮನೆಯಲ್ಲಿ.

ಕೊರೋನಾ ಆಗಷ್ಟೇ ಇಳಿದಿತ್ತು. ಗಂಡನ ಕಾಲೇಜು ಕೆಲಸ ವಿಜಯಪುರದಲ್ಲೇ, ಹಾಗಾಗಿ ನಾನೊಬ್ಬಳೇ ಬಂದಿದ್ದೆ. ನಲವತ್ತು ದಾಟಿದ ಹೆಂಗಸು ಒಬ್ಬಳೇ ಮನೆ ಹುಡುಕುತ್ತಾ ಬಂದರೆ ಯಾವ ಊರಲ್ಲಾದರೂ ಜನ ಮೇಲಿಂದ ಕೆಳಗೆ ನೋಡುತ್ತಾರೆ. ಅದಕ್ಕೇ ‘ನಮ್ಮವರ ಮನೆ’ ಎಂದು ಯಾರೋ ಹೇಳಿದಾಗ ಓಡಿ ಹೋದೆ. ಮನೆಯೊಡತಿ ಶಾಂತಾಬಾಯಿ. ಮಾವನ ಕಾಲಕ್ಕೇ ಬೀದರ್ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದ ಕುಟುಂಬ. ಗಂಡ ತೀರಿಕೊಂಡಿದ್ದರು. ಕೆಳಗಿನ ಮನೆಯಲ್ಲಿ ಅವರೂ ಮಗ ವೆಂಕಟೇಶನೂ, ಮೇಲಿನ ಎರಡು ಕೋಣೆ ಬಾಡಿಗೆಗೆ.

ಚಹಾ ಬಂತು. ಊರು, ಮನೆತನ ಎಲ್ಲ ವಿಚಾರಿಸಿದ್ದಾಯಿತು. ಆಮೇಲೆ ಕೇಳಿದರು, “ಏನ್ ಕೆಲಸ ಮಾಡ್ತೀರಿ ಬಾಯಿ?”

ಔಷಧ ಕಂಪನಿ ಎಂದಿದ್ದರೆ ಮುಗಿಯುತ್ತಿತ್ತು. ಈ ಊರಲ್ಲಿ ಜೀಡಿಮೆಟ್ಲಾ, ಪಟಾನ್‌ಚೆರು ಎಂದು ಔಷಧ ಕಾರ್ಖಾನೆಗಳ ಬಸ್ ಹತ್ತುವವರು ಓಣಿಗೊಬ್ಬರು ಸಿಗುತ್ತಾರೆ. ನನಗೆ ನಿಜ ಹೇಳುವ ಚಟ.

“ವೈರಸ್ ಮ್ಯಾಲ ಸಂಶೋಧನೆ ಅಕ್ಕಾರ. ವೈರಸ್ಸಿನೊಳಗ ಜೀನ್ ಇಟ್ಟು ಮೈಯೊಳಗ ಕಳಸೋದು.”

ಶಾಂತಾಬಾಯಿ ಸೆರಗು ಮೂಗಿಗೇರಿಸಿ ಸೋಫಾದ ಆ ತುದಿಗೆ ಸರಿದರು. “ಕೊರೋನಾದ್ದೇನ್ರಿ?”

“ಅದಲ್ರಿ, ಇದು ಬ್ಯಾರೆ. ಇದರಿಂದ ಯಾರಿಗೂ ಜಡ್ಡು ಬರಂಗಿಲ್ಲ.”

“ಜಡ್ಡೇ ಬರಂಗಿಲ್ಲಂದ್ರ ಅದಕ್ಕ ವೈರಸ್ ಅಂತ ಯಾಕ ಅಂತಾರ್ರಿ?”

ಒಳಗಿನಿಂದ ಮಗನ ದನಿ ಬಂತು. “ಅಮ್ಮಾ, ಊರುಕೋ!” ಸುಮ್ಮನಿರು ಎನ್ನುವುದಕ್ಕೆ ತೆಲುಗಿನಲ್ಲಿ ಹಾಗೆನ್ನುತ್ತಾರೆ. ಹೈದರಾಬಾದಿನಲ್ಲಿ ನಾನು ಕಲಿತ ಮೊದಲ ತೆಲುಗು ಮಾತು ಅದೇ.

ಶಾಂತಾಬಾಯಿ ಊರುಕೊಳ್ಳುವ ಪೈಕಿ ಅಲ್ಲ. ತೀರ್ಪು ಕೊಟ್ಟರು. “ಮನಿ ಕೊಡ್ತೀನಿ. ನಮ್ಮ ಮಾತಿನವರು, ಇಲ್ಲ ಅನ್ನಾಕ ಮನಸು ಬರಂಗಿಲ್ಲ. ಆದ್ರ ದಿನಾ ಕೆಲಸದಿಂದ ಬಂದ ಮ್ಯಾಲ ಮೆಟ್ಟಿಲ ಕೆಳಗಿನ ಬಚ್ಚಲದಾಗ ಜಳಕಾ ಮಾಡಿ, ಅರಿವಿ ಬದಲಿಸಿನ ಮ್ಯಾಲ ಹತ್ತಬೇಕು. ನೀರು ನಾನ ಇಟ್ಟಿರ್ತೀನಿ. ಮನ್ಯಾಗ ಹುಡುಗ ಅದಾನ ನನ್ನವ.”

ಮಣ್ಣಿಗೆ, ಅಂದರೆ ಶವಸಂಸ್ಕಾರಕ್ಕೆ, ಹೋಗಿ ಬಂದವರನ್ನು ಹೊಸ್ತಿಲಾಚೆ ನಿಲ್ಲಿಸಿ ನೀರು ಹಾಕುವ ಪದ್ಧತಿ ನಮ್ಮ ಕಡೆ ಇದೆಯಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ನಾನು ದಿನಾ ಮಣ್ಣಿಗೆ ಹೋಗಿ ಬಂದವಳು. ಸಿಟ್ಟು ನೆತ್ತಿಗೇರಿತು. ಆದರೆ ಹುಡುಕಿ ಹುಡುಕಿ ಕಾಲು ಸೋತಿದ್ದವು. ಒಪ್ಪಿಕೊಂಡೆ.

ಕೆಮಿಕಲ್ ಇಂಜಿನಿಯರಿಂಗ್ ಓದಿದವಳು ವೈರಸ್ಸಿಗೆ ಹೇಗೆ ಬಿದ್ದೆ ಎಂದು ನೀವೂ ಕೇಳುತ್ತೀರಿ. ಊರಿನಲ್ಲಿ ನಮ್ಮ ಓದೆಂದರೆ ಕೊಳವೆ, ಪಂಪು, ಕುದಿಸುವುದು, ಸೋಸುವುದು. ನನ್ನ ಜೊತೆ ಓದಿದವರು ಸಕ್ಕರೆ ಕಾರ್ಖಾನೆ, ಸಿಮೆಂಟು ಕಾರ್ಖಾನೆ ಸೇರಿದರು. ನನಗೆ ಮಾತ್ರ ಸೋಸುವ ಹುಚ್ಚು. ಜೀವಕೋಶದೊಳಗೆ ನುಗ್ಗುವುದರಲ್ಲಿ ವೈರಸ್ಸಿನಷ್ಟು ಜಾಣ ಇನ್ನೊಬ್ಬನಿಲ್ಲ. ಅದರ ಹೊಟ್ಟೆಯೊಳಗಿನ ಸರಕು ತೆಗೆದುಹಾಕಿ, ರೋಗಿಗೆ ಬೇಕಾದ ಜೀನ್ ತುಂಬಿದರೆ ಅದು ಬರೀ ಡಬ್ಬಿ, ಊಟ ಮುಟ್ಟಿಸುವ ಟಿಫಿನ್ ಡಬ್ಬಿ. ತಯಾರಿಸುವಾಗ ಒಂದು ತಕರಾರು: ಎಷ್ಟೋ ಡಬ್ಬಿಗಳು ಖಾಲಿಯೇ ಹೊರಬರುತ್ತವೆ. ತುಂಬಿದ್ದನ್ನೂ ಖಾಲಿಯನ್ನೂ ಬೇರ್ಪಡಿಸಬೇಕು. ಸೋಸುವ ಕೆಲಸ. ಅದಕ್ಕೆ ನಾನು. ಲ್ಯಾಬಿನಲ್ಲಿ ಜೀವಶಾಸ್ತ್ರದವರು ನನ್ನನ್ನು ‘ಪೈಪಿನವಳು’ ಎನ್ನುತ್ತಿದ್ದರು. ಊರಿಗೆ ಹೋದರೆ ಹಳೆಯ ಗೆಳತಿಯರು “ಬಂದ್ಳವ್ವಾ ವೈರಸ್ ಬಾಯಿ” ಎಂದು ನಗುತ್ತಿದ್ದರು. ಎರಡೂ ಕಡೆ ನಾನು ಪರಜಾತಿ.

ಸ್ನಾನದ ವಿಷಯಕ್ಕೆ ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಒಂದು ದಿನ ಲ್ಯಾಬಿನ ಬಾಗಿಲಲ್ಲಿ ನಿಂತು ಚಪ್ಪಲಿ ಬಿಟ್ಟು, ಕೈ ತೊಳೆದು, ತಲೆಗೆ ಟೊಪ್ಪಿಗೆ ಹಾಕಿ, ಮೇಲಂಗಿ ತೊಟ್ಟು, ‘ಮುಟ್ಟಬೇಡ, ಅದು ಸ್ವಚ್ಛ ಮಾಡಿದ್ದು’ ಎಂದು ಇನ್ನೊಬ್ಬರನ್ನು ಗದರಿದಾಗ ನನಗೇ ನಗು ಬಂತು. ಮಡಿಯಲ್ಲಿರುವ ನಮ್ಮಜ್ಜಿಯದೂ ಇದೇ ಮಾತು. ಬೆಳಿಗ್ಗೆ ಲ್ಯಾಬು ನನ್ನನ್ನು ಮೈಲಿಗೆ ಎಂದು ತೊಳೆಸುತ್ತಿತ್ತು, ಸಂಜೆ ಮನೆ ತೊಳೆಸುತ್ತಿತ್ತು. ನಡುವೆ ನಾನು ಶುದ್ಧವಾಗಿದ್ದದ್ದು ಬಸ್ಸಿನಲ್ಲಿ ಮಾತ್ರ!

ಬರಬರುತ್ತಾ ಊರು ಹಿಡಿತಕ್ಕೆ ಬಂತು. ನಮ್ಮ ಪುಂಡಿಪಲ್ಯವನ್ನು ಇಲ್ಲಿ ಗೋಂಗೂರ ಎನ್ನುತ್ತಾರೆ, ಅದನ್ನು ಉಪ್ಪಿನಕಾಯಿ ಮಾಡಿ ಬಿಸಿ ಅನ್ನಕ್ಕೆ ಕಲಸುತ್ತಾರೆ. ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ನನ್ನನ್ನು ಕಂಡು ಲ್ಯಾಬಿನ ಹುಡುಗಿಯರು ಬೆರಗಾದರು. ಊರಲ್ಲಿ ಬಸ್ಸಿನಲ್ಲಿ ಪಕ್ಕದವರು ಇಳಿಯುವುದರೊಳಗೆ ನಮ್ಮ ವಂಶಾವಳಿ ಕೇಳಿರುತ್ತಾರೆ. ಇಲ್ಲಿ ಎಲ್ಲರ ಕಿವಿಯಲ್ಲೂ ವೈರು. ಆಟೋದವನ ಹತ್ತಿರ “ನಕ್ಕೋ ಭಾಯ್”, ಬೇಡಪ್ಪಾ, ಎಂದು ಇಲ್ಲಿನ ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡಿ ಗೆದ್ದ ದಿನ ಫೋನು ಮಾಡಿ ಗಂಡನಿಗೆ ಹೇಳಿದ್ದೆ. ಅವರು ಪರೀಕ್ಷೆ ಪತ್ರಿಕೆ ತಿದ್ದುತ್ತಾ “ಹೌದಾ” ಎಂದರು. ಅಷ್ಟೇ. ಒಂಟಿತನ ಎಂದರೆ ದೊಡ್ಡದೇನಲ್ಲ, ಗೆದ್ದದ್ದನ್ನು ಹೇಳಲು ಎದುರಿಗೆ ಮುಖ ಇಲ್ಲದಿರುವುದು.

ಆ ಮುಖ ಶಾಂತಾಬಾಯಿಯದಾಯಿತು. ಚಳಿಗಾಲ ಬಂದಾಗ ಬಕೆಟ್ಟಿನಲ್ಲಿ ಬಿಸಿನೀರು ಇರತೊಡಗಿತು. ಅದರ ಮೇಲೆ ತಾಟು ಮುಚ್ಚಿರುತ್ತಿದ್ದರು, ಆರಬಾರದೆಂದು. ನಾನು ಬಚ್ಚಲಿನೊಳಗಿಂದ ದಿನದ ಸುದ್ದಿ ಕೂಗುತ್ತಿದ್ದೆ, ಅವರು ಹೊರಗಿನ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಾ ಕೇಳುತ್ತಿದ್ದರು. ‘ಬಾಯಿ’ ಹೋಗಿ ‘ತಂಗಿ’ ಆದೆ. “ಇವತ್ತ ಎಷ್ಟ್ ಡಬ್ಬಿ ತುಂಬಿದ್ಯವ್ವಾ?” ಎನ್ನುತ್ತಿದ್ದರು. ಸರಿ, ಆ ನೀರಿನ ಮೇಲಿನ ಸಿಟ್ಟು ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ. ಬಸ್ಸಿನಿಂದ ಇಳಿದ ಕೂಡಲೇ ಮೈ ಆ ನೀರನ್ನು ಕೇಳುತ್ತಿತ್ತು.

ಅಷ್ಟರಲ್ಲಿ ವೆಂಕಟೇಶನ ಸಂಗತಿ ತಿಳಿದಿತ್ತು. ಇಪ್ಪತ್ತು ದಾಟಿದ ಹುಡುಗ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಚಿತ್ರ ವಿನ್ಯಾಸ ಮಾಡುತ್ತಿದ್ದ. ಹಿಮೋಫಿಲಿಯಾ, ಅಂದರೆ ರಕ್ತ ಹೆಪ್ಪುಗಟ್ಟುವ ಒಂದು ಅಂಶವೇ ಮೈಯಲ್ಲಿ ತಯಾರಾಗದ ರೋಗ. ಮೊಣಕಾಲು ಒಂದಿಷ್ಟು ತಾಗಿದರೆ ಒಳಗೇ ರಕ್ತ ತುಂಬಿ ಕುಂಬಳಕಾಯಿಯಾಗುತ್ತಿತ್ತು. ಇಂಜೆಕ್ಷನ್ನಿನ ಮೇಲೆ ಜೀವನ. ಆ ಮೊದಲ ದಿನ ಶಾಂತಾಬಾಯಿ ಹೇಳಿದ ‘ಹುಡುಗ ಅದಾನ’ ಎಂಬ ಮಾತಿನ ಭಾರ ನನಗೆ ಆಗ ತಾಗಿತು.

ಒಂದು ಸಂಜೆ ನಾನು ತಲೆ ಒರೆಸಿಕೊಳ್ಳುತ್ತಾ ಹೊರಬಂದಾಗ ತಾಯಿ ಮಗ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು.

“ಅಕ್ಕಾ,” ಎಂದ ವೆಂಕಟೇಶ, “ನಿಮ್ಮ ಡಬ್ಬಿಯೊಳಗ ನನ್ನ ಜೀನ್ ಹಿಡಸ್ತದೇನು? ನಾ ನೆಟ್ಟಿನ್ಯಾಗ ಓದಿದೆ. ಬ್ಯಾರೆ ದೇಶದಾಗ ಕೊಡಾಕತ್ತಾರಂತ.”

ನಿಜವೇ. ಆ ರೋಗಕ್ಕೆ ಒಂದೇ ಸಲ ಕೊಡುವ ಚಿಕಿತ್ಸೆ ಅದೇ ಜಾತಿಯ ಡಬ್ಬಿಯಲ್ಲಿ ಬಂದಿತ್ತು. ನಮ್ಮ ಲ್ಯಾಬಿನದಲ್ಲ, ಬೇರೆಯವರದು. ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಪ್ರಯೋಗಕ್ಕೆ ರೋಗಿಗಳನ್ನು ಆರಿಸುತ್ತಾರೆಂಬ ಸುದ್ದಿ ನನಗಿತ್ತು. ಹೇಳಿದೆ. ಎಲ್ಲ ಹೇಳಿದೆ, ನನ್ನ ವಿಷಯವಲ್ಲವೇ, ತಡೆಯಲಾಗಲಿಲ್ಲ. ಕೊನೆಗೆ ಒಂದು ಮಾತು ಸೇರಿಸಿದೆ: ಆ ವೈರಸ್ಸಿನ ಪರಿಚಯ ಮೈಗೆ ಮೊದಲೇ ಆಗಿದ್ದರೆ ರಕ್ತ ಅದನ್ನು ಗುರುತು ಹಿಡಿದು ಹೊರಹಾಕುತ್ತದೆ, ಅಂಥವರನ್ನು ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಮೊದಲು ಪರೀಕ್ಷೆ.

ಶಾಂತಾಬಾಯಿ ಆ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣು ಹೊಳೆಯಿತು. “ನೋಡಿದ್ಯಾ? ಸುಮ್ಮನ ನಿನಗ ದಿನಾ ನೀರು ಹಾಕಿಸಿದ್ನೇನು? ನನ್ನ ಮಗನ ಮೈಗೆ ಯಾವ ವೈರಸ್ಸೂ ಸೋಕಿಲ್ಲ.”

ವೆಂಕಟೇಶ ನಕ್ಕ. “ನಮ್ಮಮ್ಮನ್ನ ನಿಮ್ಮ ಲ್ಯಾಬಿಗೆ ಹೆಡ್ ಮಾಡ್ರಿ ಅಕ್ಕಾ.”

ನಾನೂ ನಕ್ಕೆ. ಆ ಕ್ಷಣದಲ್ಲಿ ನಗಬಾರದಿತ್ತು. ಆ ವೈರಸ್ಸಿನ ಕಾಡು ತಳಿ, ಲ್ಯಾಬಿನದಲ್ಲದ್ದು, ಎಲ್ಲೆಡೆ ಇರುತ್ತದೆ, ಯಾವ ಕಾಯಿಲೆಯನ್ನೂ ತೋರಿಸದೆ ಎಷ್ಟೋ ಮಂದಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ ಎಂದು ಬಿಡಿಸಿ ಹೇಳಬೇಕಿತ್ತು. ಅವರ ಮುಖ ಅಷ್ಟು ಚೆನ್ನಾಗಿತ್ತು, ಕೆಡಿಸಲು ಮನಸ್ಸಾಗಲಿಲ್ಲ.

ಅವರು ಹೋಗಿ ಪರೀಕ್ಷೆ ಮಾಡಿಸಿದರು. ಉತ್ತರ ಬಂದ ದಿನ ನಾನು ಗೇಟು ತೆಗೆದಾಗ ವೆಂಕಟೇಶ ಕಟ್ಟೆಯ ಮೇಲೊಬ್ಬನೇ ಇದ್ದ. “ಆಗಲಿಲ್ಲ ಅಕ್ಕಾ. ಮೈಗೆ ಗುರುತು ಐತಂತ. ಪರವಾಲೇದು,” ಎಂದ. ತೆಲುಗಿನವರು ಇರಲಿ ಬಿಡು ಎನ್ನಲು ಹೇಳುವ ಮಾತು ಅದು. ಅವನ ಬಾಯಲ್ಲಿ ಅದು ಇರಲಿ ಬಿಡು ಎಂದು ಕೇಳಲಿಲ್ಲ.

ಶಾಂತಾಬಾಯಿ ಬಾಗಿಲಿಗೆ ಬಂದರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದರು, “ಎಷ್ಟು ನೀರು ಹಾಕಿಸಿದೆ ನಿನಗ. ಆದ್ರೂ ತಂದ್ಯಲ್ಲವ್ವಾ?”

“ನಾ ತಂದಿಲ್ಲ ಅಕ್ಕಾರ. ನಮ್ಮ ಲ್ಯಾಬಿಂದು ಮರಿ ಹಾಕಂಗಿಲ್ಲ, ಹಬ್ಬಂಗಿಲ್ಲ. ಇದು ಅವಗ ಸಣ್ಣಾಂವಿದ್ದಾಗನ ಬಂದು ಹೋಗಿರ್ತೈತಿ.”

“ಯಾವಾಗ ಬಂದಿತ್ತು?”

“ಅದು ಗೊತ್ತಾಗಂಗಿಲ್ರಿ.”

“ಬಂದದ್ದು ಯಾವಾಗಂತ ಗೊತ್ತಿಲ್ಲ. ನಿನ್ನಿಂದ ಬಂದಿಲ್ಲಂತ ಮಾತ್ರ ಗೊತ್ತೈತಿ?”

“ಅಮ್ಮಾ, ಊರುಕೋ,” ಎಂದ ವೆಂಕಟೇಶ.

ಈ ಸಲ ಅವರು ಸುಮ್ಮನಾದರು. ಅದೇ ಕಷ್ಟವಾಯಿತು. ಲ್ಯಾಬಿನ ವಿಜ್ಞಾನವೆಲ್ಲ ನನ್ನ ಪರವಾಗಿತ್ತು. ಆದರೆ ರಕ್ತದ ಪರೀಕ್ಷೆ ಗುರುತು ಇದೆ ಎನ್ನುತ್ತದೆ, ಯಾವ ವರ್ಷದ್ದು ಎಂದು ಹೇಳುವುದಿಲ್ಲ. ಮಗನಿಗಾಗಿ ಇಷ್ಟು ದಿನ ನೀರು ಕಾಯಿಸಿದ ತಾಯಿಗೆ ಆ ವರ್ಷ ಬೇಕಾಗಿತ್ತು.

ಮರುದಿನ ಸಂಜೆ ಬಂದೆ. ಮೆಟ್ಟಿಲ ಕೆಳಗೆ ಹೋದೆ. ಬಕೆಟ್ಟು ಬೋರಲಾಗಿತ್ತು, ತಳ ಒಣಗಿತ್ತು.

ಅಡುಗೆಮನೆಯ ಕಿಟಕಿಯಿಂದ ದನಿ ಬಂತು. “ಹಂಗ ಮ್ಯಾಲ ಹೋಗ್ರಿ ಮೇಡಂ. ಇನ್ನ ಜಳಕದ ಜರೂರಿಲ್ಲ.”

ಮೊದಲ ದಿನ ನಾನು ಅವರ ಬಾಯಿಂದ ಕೇಳಬೇಕೆಂದಿದ್ದ ಮಾತು ಅದೇ. ಕಾಲು ಮೇಲೆ ಹತ್ತಲಿಲ್ಲ. ಬಕೆಟ್ ತಿರುಗಿಸಿ, ತಣ್ಣೀರು ತುಂಬಿ, ನಾನೇ ಸುರಿದುಕೊಂಡೆ. ಹೊರಗೆ ಯಾರೂ ಇರಲಿಲ್ಲ. ಎಷ್ಟು ಡಬ್ಬಿ ತುಂಬಿದೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಹೆಚ್ಚು ದಿನ ಆ ಮನೆಯಲ್ಲಿರಲಿಲ್ಲ. ಈಗ ಪಟಾನ್‌ಚೆರು ಕಡೆ ಇದ್ದೇನೆ. ಕೆಲಸ ಅದೇ, ಆದರೆ ಇಲ್ಲಿ ಕೇಳಿದವರಿಗೆಲ್ಲ ‘ಕೆಮಿಕಲ್ ಕಂಪನಿ’ ಎನ್ನುತ್ತೇನೆ, ಯಾರೂ ಸೋಫಾದಿಂದ ಸರಿಯುವುದಿಲ್ಲ. ಯಾರೂ ಬಚ್ಚಲ ಬಾಗಿಲಲ್ಲಿ ಕಾಯುವುದೂ ಇಲ್ಲ. ವಿಜಯಪುರಕ್ಕೆ ಹೋದರೆ ನಮ್ಮ ಮನೆಯ ಬಚ್ಚಲಲ್ಲಿ ಗೀಸರ್ ಇದೆ, ಗಂಡ ಇದ್ದಾರೆ, ಕನ್ನಡ ಇದೆ. ಆದರೂ ಹೊಸ್ತಿಲು ದಾಟುವಾಗ ಏನೋ ಬಿಟ್ಟು ಒಳಗೆ ಬಂದೆನೇನೋ ಎಂದು ಒಂದು ಕ್ಷಣ ನಿಲ್ಲುತ್ತೇನೆ. ಅಲ್ಲಿ ನಾನು ವೈರಸ್ ಬಾಯಿ, ಇಲ್ಲಿ ಕೆಮಿಕಲ್ ಮೇಡಂ. ಎರಡೂ ಒಟ್ಟಿಗೆ ಆಗಿದ್ದದ್ದು ಮೆಟ್ಟಿಲ ಕೆಳಗಿನ ಆ ಇಕ್ಕಟ್ಟಿನಲ್ಲಿ ಮಾತ್ರ.

ವೆಂಕಟೇಶ ಈಗಲೂ ಆಗಾಗ ಮೆಸೇಜು ಕಳಿಸುತ್ತಾನೆ. ‘ಅಕ್ಕಾ, ನನ್ನ ರಕ್ತ ಗುರುತು ಹಿಡಿಯದ ಹೊಸ ಡಬ್ಬಿ ಏನಾದರೂ ಬಂತಾ?’ ಹುಡುಕುತ್ತಿದ್ದಾರೆ, ಇನ್ನೂ ಇಲ್ಲ ಎನ್ನುತ್ತೇನೆ. ಅಮ್ಮ ಹೇಗಿದ್ದಾರೆಂದು ಕೇಳಿದರೆ ‘ಬಾಗುಂದಿ’ ಎಂದು ತೆಲುಗಿನಲ್ಲಿ ಒಂದೇ ಪದ ಬರುತ್ತದೆ, ಚೆನ್ನಾಗಿದ್ದಾರೆ ಎಂದು. ಅವರು ನನ್ನನ್ನು ಕೇಳಿದರಾ ಎಂದು ಬರೆದು, ಅಳಿಸಿ, ಫೋನು ಕೆಳಗಿಡುತ್ತೇನೆ.

ನಿಮ್ಮ ಕೆಲಸವೇ ನಿಮ್ಮನ್ನು ಒಂದು ಮನೆಯ ಒಳಗೆ ಕರೆದುಕೊಂಡು, ಅದೇ ಕೆಲಸ ಮತ್ತೆ ಹೊರಗೆ ಹಾಕಿದ್ದಿದೆಯೇ? ಪರಊರಿನಲ್ಲಿ ಯಾರಾದರೂ ನಿಮಗಾಗಿ ನೀರು ಕಾಯಿಸಿ, ಒಂದು ದಿನ ನಿಲ್ಲಿಸಿದ್ದಿದೆಯೇ? ಇದ್ದರೆ ಕೆಳಗೆ ಬರೆಯಿರಿ. ಸಮಾಧಾನ ಬೇಡ, ಅದು ನನ್ನಲ್ಲಿ ಬೇಕಾದಷ್ಟಿದೆ. ನಿಮಗೆ ಏನಾಯಿತು ಅಂತ ಹೇಳಿ, ಸಾಕು.